ಕಣಿವೆ ಮೊದಲು, ಕುಸ್ಕೋ ಕೊನೆಗೆ: ಪೆರು ಟ್ರಿಪ್ ನಾನೇ ಪ್ಲಾನ್ ಮಾಡಿದ ಅನುಭವ

ಪೆರುವಿನ ಕುಸ್ಕೋಲಿ ಎರಡ್ಮೂರು ರಾತ್ರಿ ಮಲಗಿ ಎತ್ತರಕ್ಕೆ ಮೈ ಹೊಂದಿಸ್ಕೊಳ್ದೆ ಎಲ್ಲಿಗೂ ಹೋಗ್ಬೇಡಿ, ಅದೂ ಏಜೆಂಟ್ ಇಲ್ದೆ ಅಂತೂ ಬೇಡ್ವೇ ಬೇಡ ಅಂತ ನಮ್ಮ ಟ್ರೆಕ್ಕಿಂಗ್ ಗ್ರೂಪ್‌ನವರೆಲ್ಲ ನನಗೆ ಬುದ್ಧಿ ಹೇಳಿದ್ರು. ಈಗ ಅವರೇ ನನ್ನ ಎಕ್ಸೆಲ್ ಶೀಟ್ ಕಳ್ಸು ಅಂತಿದಾರೆ. ಶೀಟ್ ಕೊಡಲ್ಲ, ಆದ್ರೆ ಹೇಗ್ ಮಾಡ್ದೆ ಅಂತ ಬರೀತೀನಿ.

ಲೆಕ್ಕ ಸಿಂಪಲ್. ಕುಸ್ಕೋ ಇರೋದು ಸುಮಾರು 3,400 ಮೀಟರ್‌ನಲ್ಲಿ. ಉರುಬಂಬ ಕಣಿವೆಲಿರೋ ಒಯಾಂತಾಯ್‌ತಾಂಬೊ 2,800ರ ಹತ್ರ, ಹಿಂದೆ ಪೆರು ಆಳಿದ ಇಂಕಾಗಳ ಹಾಳೂರು ಮಾಚು ಪಿಚು 2,430, ಅದರ ಬುಡದಲ್ಲಿರೋ ಆಗ್ವಾಸ್ ಕಾಲಿಯೆಂತೆಸ್ ಊರು 2,040ರ ಆಸುಪಾಸು. ಅಂದ್ರೆ ಎಲ್ರೂ ಮೊದಲ ರಾತ್ರಿ ಮಲಗೋದು ಇಡೀ ಟ್ರಿಪ್‌ನಲ್ಲಿ ಉಳ್ಕೊಳ್ಳೋ ಊರುಗಳಲ್ಲೇ ಅತೀ ಎತ್ತರದ್ದರಲ್ಲಿ! ನಾನು ಉಲ್ಟಾ ಮಾಡ್ದೆ. ಲಿಮಾದಿಂದ ಬೆಳಗಿನ ಫ್ಲೈಟ್, ಕುಸ್ಕೋ ಏರ್‌ಪೋರ್ಟ್‌ನಿಂದ ಟ್ಯಾಕ್ಸಿ ಹಿಡಿದು ಪಾವಿತೋಸ್ ಬೀದಿ, ಅಲ್ಲಿಂದ ಕೊಲೆಕ್ತೀವೊ ಅಂತಾರಲ್ಲ ಆ ಶೇರ್ ವ್ಯಾನು, ತಲೆಗೆ 15 ಸೋಲ್ (ಪೆರು ದುಡ್ಡು) ಇರ್ಬೇಕು, ಎರಡು ಗಂಟೆ ಒಳಗೆ ಒಯಾಂತಾಯ್‌ತಾಂಬೊ. ಮಧ್ಯ ಚಿಂಚೆರೊ ಹತ್ರ ರಸ್ತೆ 3,700 ದಾಟತ್ತೆ, ಅಲ್ಲಿ ಸ್ವಲ್ಪ ತಲೆ ಹಿಡಿದಂಗಾಗತ್ತೆ, ಆಮೇಲೆ ಇಳಿಜಾರೇ.

ಜೊತೆಗೆ ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಅಂತ ತೋರಿಸೋ ಆಕ್ಸಿಮೀಟರ್ ಒಯ್ದಿದ್ದೆ, ಜೊತೆಗೆ ಬಂದಿದ್ದ ನಮ್ಮ ಭಾವ ಅದನ್ನ ನೋಡಿ ನಗಾಡಿದ್ರು. ಏರ್‌ಪೋರ್ಟ್‌ನಲ್ಲಿ ಇಳಿದಾಗ 85-86 ತೋರಿಸ್ತು, ಸಂಜೆ ಕಣಿವೆಲಿ 91-92. ಕೊನೆಗೆ ವಾಪಸ್ ಕುಸ್ಕೋಗೆ ಬಂದಾಗ 90ಕ್ಕೆ ಕಮ್ಮಿ ಇಳೀಲಿಲ್ಲ, ಸಕ್ಸಾಯ್‌ವಮಾನ್ ಕೋಟೆ ಮೆಟ್ಟಿಲನ್ನ ಮಾತಾಡ್ಕೊಂಡೇ ಹತ್ತಿದ್ವಿ. ನಮ್ಮ ಫ್ಲೈಟ್‌ನಲ್ಲೇ ಬಂದಿದ್ದ ಇನ್ನೊಂದು ಗುಂಪು ಕುಸ್ಕೋಲೇ ಉಳ್ಕೊಂಡು ಹೋಟೆಲಲ್ಲಿ ಎರಡು ದಿನ ಕೋಕಾ ಟೀ ಕುಡೀತಾ ಮಲಗಿದ್ರಂತೆ. ಎತ್ತರದ ತಲೆನೋವಿಗೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ನಾನೂ ಇಟ್ಕೊಂಡಿದ್ದೆ, ನಿಮ್ಮ ಡಾಕ್ಟರನ್ನ ಕೇಳ್ದೆ ತಗೋಬೇಡಿ.

ಇನ್ನು ಟಿಕೆಟ್ ವಿಷಯ, ದುಡ್ಡು ಸೋರೋದು ಇಲ್ಲೇ. ಹಲವು ಜಾಗಗಳಿಗೆ ಒಂದೇ ಟಿಕೆಟ್ ಆದ ಬೊಲೆತೊ ತೂರಿಸ್ತಿಕೊ ಫುಲ್ ತಗೊಂಡ್ರೆ 130 ಸೋಲ್, ಹತ್ತು ದಿನ ನಡೆಯತ್ತೆ, ಹದಿನಾರು ಜಾಗ. ಕಣಿವೆದು ಮಾತ್ರ ಅಂದ್ರೆ 70, ಆದ್ರೆ ಬರೀ ಎರಡು ದಿನ, ಅದರಲ್ಲಿ ಪಿಸಾಕ್, ಒಯಾಂತಾಯ್‌ತಾಂಬೊ, ಚಿಂಚೆರೊ, ಮೊರಾಯ್ ನಾಲ್ಕನ್ನೂ ಓಡಿ ಮುಗಿಸ್ಬೇಕು. ನಿಧಾನಕ್ಕೆ ಹೋಗೋರಿಗೆ ಫುಲ್ಲೇ ಲಾಭ. ಆದ್ರೆ ಬಂದ ದಿನವೇ ಕೊಂಡ್ಕೊಂಡ್ರೆ ಹತ್ತು ದಿನದ ಗಡಿಯಾರ ಅಲ್ಲಿಂದ್ಲೇ ಶುರು. ಹಾಗಾಗಿ ಮೊದಲು ಫ್ರೀ ಇರೋ ಜಾಗಗಳನ್ನ ಮುಗಿಸಿದ್ವಿ: ಒಯಾಂತಾಯ್‌ತಾಂಬೊ ಊರಿನ ಎದುರು ಗುಡ್ಡ ಪಿಂಕುಯುನಾ, ಇಂಕಾಗಳ ಕಣಜ ಇರೋದು ಅಲ್ಲಿ, ಊರಿನ ಇಂಕಾ ಕೋಟೆಯ ಪೂರ್ತಿ ನೋಟ ಅಲ್ಲಿಂದ ಕಾಸಿಲ್ದೆ ಸಿಗತ್ತೆ. ಮರುದಿನ ಆ ಕೋಟೆಗೆ ಕಲ್ಲು ಕಡಿದ ಕಾಚಿಕಾತಾ ಕ್ವಾರಿಗೆ ನಡೆದ್ವಿ, ನದಿ ದಾಟಿ ಆಚೆ ಬೆಟ್ಟ, ಹೋಗಿ ಬರೋಕೆ ಅರ್ಧ ದಿನ ಬೇಕೇ ಬೇಕು. ಹಗಲು ಎತ್ತರಕ್ಕೆ ಹತ್ತಿ ರಾತ್ರಿ ಕೆಳಗೆ ಮಲಗೋದು, ಮೈ ಹೊಂದ್ಕೊಳ್ಳೋಕೆ ಇದಕ್ಕಿಂತ ಔಷಧಿ ಇಲ್ಲ.

ಕ್ವಾರಿ ದಾರೀಲಿ ಅರ್ಧಕ್ಕೇ ಬಿಟ್ಟುಹೋದ ದೊಡ್ಡ ದೊಡ್ಡ ಕಲ್ಲುಗಳಿವೆ, ಅಲ್ಲಿಯೋರು ಅವನ್ನ ದಣಿದ ಕಲ್ಲು ಅಂತಾರೆ. ಅದನ್ನ ನೋಡಿ ಆಮೇಲೆ ಟಿಕೆಟ್ ತಗೊಂಡು ಕೋಟೆ ಮೇಲೆ ಹತ್ತಿ ಸೂರ್ಯ ದೇವಾಲಯದ ಆರು ಗುಲಾಬಿ ಕಲ್ಲು ನೋಡಿದ್ರೆ ಮೈ ಜುಮ್ ಅನ್ನತ್ತೆ, ಯಾಕಂದ್ರೆ ಆಗ ಕಾಲಿಗೇ ಗೊತ್ತಿರತ್ತೆ ಆ ಕಲ್ಲು ಎಷ್ಟು ಇಳಿದು, ನದಿ ದಾಟಿ, ಮತ್ತೆ ಎಷ್ಟು ಹತ್ತಿ ಬಂತು ಅಂತ. ಆ ಆರು ಕಲ್ಲಿನ ಮಧ್ಯೆ ಮಧ್ಯೆ ಕಿರಿದಾದ ಪಟ್ಟಿ ಕಲ್ಲು ಕೂರಿಸಿದಾರೆ, ಸಂದಿಗೆ ನನ್ನ ಏಟಿಎಂ ಕಾರ್ಡ್ ತುರುಕಿ ನೋಡ್ದೆ, ಹೋಗ್ಲಿಲ್ಲ. 1537ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ಸ್ಪೇನ್‌ನೋರನ್ನ ಓಡಿಸಿದ್ದು ಇಲ್ಲೇ, ಬಯಲಿಗೆ ನೀರು ನುಗ್ಗಿಸಿ ಅವರ ಕುದುರೆ ಓಡದ ಹಾಗೆ ಮಾಡಿದ್ನಂತೆ. ಮೇಲಿಂದ ಆ ಬಯಲು ಚೆನ್ನಾಗಿ ಕಾಣತ್ತೆ.

ಕಾರ್ಡ್ ಅಂದಾಗ ನೆನಪಾಯ್ತು. ಮಾಚು ಪಿಚು ಟಿಕೆಟ್ ಆನ್‌ಲೈನ್ ಮಾಡೋವಾಗ ನನ್ನ ಕಾರ್ಡ್ ಫೇಲ್ ಮೇಲೆ ಫೇಲ್. ಒಟಿಪಿ ಬರೋದು ಲೇಟು, ಅಷ್ಟರಲ್ಲಿ ಪೇಜ್ ಟೈಮೌಟು. ಈ ಗೋಳಾಟದಲ್ಲಿ ಸರ್ಕ್ಯೂಟ್ 2 ಖಾಲಿ! 2024ರಿಂದ ಒಳಗೆ ದಾರಿಗಳನ್ನ ಮೂರು ಸರ್ಕ್ಯೂಟ್ ಮಾಡಿದಾರಲ್ಲ, ಅದರಲ್ಲಿ ಫೋಟೊ ಜಾಗಾನೂ ಕಟ್ಟಡಗಳೂ ಎರಡೂ ಸಿಗೋದು 2ರಲ್ಲೇ. ಕೊನೆಗೆ ಭಾವನ ಕಾರ್ಡ್‌ನಲ್ಲಿ ಬೇರೆ ತಾರೀಕಿಗೆ ಸಿಕ್ತು, 152 ಸೋಲ್ ಒಬ್ರಿಗೆ. ಹಾಗಾಗಿ ಮೊದಲು ಈ ಟಿಕೆಟ್, ಆಮೇಲೆ ಟ್ರೇನು, ಆಮೇಲೆ ರೂಮು, ಈ ಆರ್ಡರ್ ತಪ್ಪಿಸ್ಬೇಡಿ. ಆನ್‌ಲೈನಲ್ಲಿ ಸಿಗ್ಲೇ ಇಲ್ಲ ಅಂದ್ರೆ ಆಗ್ವಾಸ್ ಕಾಲಿಯೆಂತೆಸ್‌ನಲ್ಲಿ ದಿನಾ ಸಾವಿರ ಟಿಕೆಟ್ ಕೌಂಟರ್‌ನಲ್ಲಿ ಕೊಡ್ತಾರೆ, ಆದ್ರೆ ಅದಕ್ಕೆ ಒಂದು ದಿನ ಕೈಲಿಟ್ಕೊಂಡು ಹೋಗ್ಬೇಕು.

ಒಯಾಂತಾಯ್‌ತಾಂಬೊದಿಂದ ಆಗ್ವಾಸ್ ಕಾಲಿಯೆಂತೆಸ್‌ಗೆ ಟ್ರೇನು ಒಂದು ಕಡೆಗೆ 65-70 ಡಾಲರ್ ಹತ್ರ, ಎರಡು ಗಂಟೆ ದಾರಿಗೆ! ಹೋಗುವಾಗ ಕೊಟ್ವಿ. ಬರುವಾಗ ಇನ್ನೊಂದು ಪ್ರಯೋಗ, ಹಳಿ ಪಕ್ಕ ಸುಮಾರು 10 ಕಿಲೋಮೀಟರ್ ನಡೆದು ಇದ್ರೋಎಲೆಕ್ತ್ರಿಕಾ ಅನ್ನೋ ಜಲವಿದ್ಯುತ್ ಕೇಂದ್ರ, ಅಲ್ಲಿಂದ ವ್ಯಾನಲ್ಲಿ ವಾಪಸ್. ನಡಿಗೆ ಸೂಪರ್, ಪಕ್ಕದಲ್ಲೇ ನದಿ, ತಟ್ಟೆ ಹಾಗೆ ಸಮ ದಾರಿ. ವ್ಯಾನು ಮಾತ್ರ ನರಕ. ಸಾಂತಾ ತೆರೆಸಾ ಆಚೆ ಗುಡ್ಡ ಕುಸಿದು ಎರಡು ಗಂಟೆ ನಿಂತ್ವಿ, ಆಮೇಲೆ ಕತ್ತಲೆಲಿ 4,316 ಮೀಟರ್‌ನ ಆಬ್ರಾ ಮಾಲಗಾ ಘಾಟಿ, ತಿರುವು ತಿರುವಿಗೂ ಹಿಂದಿನ ಸೀಟಲ್ಲಿ ಯಾರೋ ಒಬ್ರು ಕವರ್ ಕೇಳೋರು. ‘ಉಳಿಸಿದ ದುಡ್ಡಲ್ಲಿ ನನ್ ಹೊಟ್ಟೆ ವಾಪಸ್ ತಂದ್ಕೊಡು’ ಅಂದ್ರು ಭಾವ. ತಲೆಗೆ 50 ಡಾಲರ್ ಉಳೀತು ಅನ್ನೋದು ನಿಜ, ಆದ್ರೆ ಜನವರಿ-ಫೆಬ್ರವರಿ ಮಳೇಲಿ ಈ ದಾರಿ ಯೋಚ್ನೆನೂ ಮಾಡ್ಬೇಡಿ. ನಾವು ಹೋಗಿದ್ದು ಏಪ್ರಿಲ್ ಕೊನೇಲಿ, ಮೆಟ್ಟಿಲು ಹೊಲಗಳೆಲ್ಲ ಇನ್ನೂ ಹಸಿರು, ರೂಮ್ ರೇಟೂ ಜೂನ್‌ನಷ್ಟು ಏರಿರಲ್ಲ.

ಮಾಚು ಪಿಚು ಬೆಟ್ಟಕ್ಕೆ ಬಸ್ಸು ಒಂದು ಕಡೆಗೆ 12 ಡಾಲರ್. ಹತ್ತೋಕೆ ಬಸ್ಸು, ಇಳಿಯೋಕೆ ಕಾಲು. ಬೆಳಿಗ್ಗೆ 6ರ ಸ್ಲಾಟ್ ಬೇಕು ಅಂತ ಎಲ್ರೂ ಸಾಯ್ತಾರೆ, ಆ ಹೊತ್ತಲ್ಲಿ ಮಂಜು ಬಿಟ್ರೆ ಏನೂ ಕಾಣದೇ ಇರೋ ಚಾನ್ಸೇ ಜಾಸ್ತಿ. ನಾನು ಯಾವ ಸ್ಲಾಟ್ ತಗೊಂಡೆ, ಒಳಗೆ ಯಾವ ಕಟ್ಟೆ ಹತ್ರ ಜನ ಕರಗೋವರೆಗೂ ನಿಂತೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ಮಾರಾಸ್ ಉಪ್ಪಿನ ಮಡಿಗಳು ಬೊಲೆತೊಗೆ ಸೇರಲ್ಲ, ಅಲ್ಲೇ ಬೇರೆ ದುಡ್ಡು. ಮೂರು ಸಾವಿರಕ್ಕಿಂತ ಜಾಸ್ತಿ ಮಡಿ, ಒಂದೇ ಉಪ್ಪು ನೀರಿನ ಬುಗ್ಗೆಯಿಂದ ಅಷ್ಟಕ್ಕೂ ಕಾಲುವೆ. ಈಗ ಮಡಿಗಳ ಮಧ್ಯೆ ಓಡಾಡೋಕೆ ಬಿಡಲ್ಲ. ಮೊರಾಯ್ ನೋಡ್ಕೊಂಡು ಮಾರಾಸ್ ಊರಲ್ಲಿ ಟ್ಯಾಕ್ಸಿ ಬಿಟ್ಟು ಉಪ್ಪಿನ ಮಡಿಗಳಿಗೆ ನಡ್ಕೊಂಡೇ ಹೋದ್ವಿ, ಒಂದು ಗಂಟೆ. ಮೊರಾಯ್ ದುಂಡು ಮೆಟ್ಟಿಲಲ್ಲಿ ಮೇಲಕ್ಕೂ ಕೆಳಕ್ಕೂ ಟೆಂಪರೇಚರ್ ಬೇರೆ ಬೇರೆ ಅಂತಾರಲ್ಲ, ಅಳೆಯೋಣ ಅಂತ ಸಣ್ಣ ಥರ್ಮಾಮೀಟರ್ ಒಯ್ದಿದ್ದೆ, ತಳಕ್ಕೆ ಇಳಿಯೋಕೇ ಬಿಡ್ಲಿಲ್ಲ, ಪ್ರಯೋಗ ಢಮಾರ್. ಪಿಸಾಕ್‌ನಲ್ಲಿ ಟ್ಯಾಕ್ಸಿಲಿ ಮೇಲಿನ ಗೇಟಿಗೆ ಹೋಗಿ ಊರಿಗೆ ಇಳಿದು ಬನ್ನಿ, ಎದುರು ಬಂಡೇಲಿ ಜೇನುಗೂಡಿನ ಥರ ಸಮಾಧಿ ತೂತುಗಳು ಕಾಣ್ತವೆ. ಚಿಂಚೆರೊ ನನಗೆ ಅಷ್ಟಕ್ಕಷ್ಟೆ.

ಊಟಕ್ಕೆ ಕಿನೋವಾ ಸೂಪು, ಚೀಸ್ ಜೊತೆ ಬೇಯ್ಸಿದ ದಪ್ಪ ಜೋಳ, ಮಾರ್ಕೆಟ್‌ಗಳಲ್ಲಿ 10-12 ಸೋಲ್‌ಗೆ ಹೊಟ್ಟೆ ತುಂಬತ್ತೆ. ಕುಸ್ಕೋ ಹಾಸ್ಟೆಲ್ ಕಿಚನ್‌ನಲ್ಲಿ ಅನ್ನಕ್ಕಿಟ್ಟೆ, ಅಲ್ಲಿ ನೀರು 89 ಡಿಗ್ರಿ ಹತ್ರವೇ ಕುದಿಯತ್ತೆ, ಮುಕ್ಕಾಲು ಗಂಟೆ ಆದ್ರೂ ನಡುವೆ ಗಟ್ಟಿ. ಮೊದಲೇ ನೆನೆಸಿಟ್ರೆ ಪರ್ವಾಗಿಲ್ಲ.

ಖರ್ಚು ಇಂಟರ್‌ನ್ಯಾಷನಲ್ ಫ್ಲೈಟ್ ಬಿಟ್ಟು ತಲೆಗೆ 480-500 ಡಾಲರ್ ಆಯ್ತು, ಏಜೆಂಟ್ ಹೇಳಿದ್ದು 1,100, ಅದೂ ದಿನ ಕಮ್ಮಿ. ಡಾಲರ್ ನೋಟು ಅಂಚಲ್ಲಿ ಒಂಚೂರು ಹರಿದಿದ್ರೂ ಅಲ್ಲಿ ಯಾರೂ ಮುಟ್ಟಲ್ಲ, ಹೊಸದು ಒಯ್ಯಿರಿ, ಸೋಲ್ ಚಿಲ್ಲರೆ ಸದಾ ಜೇಬಲ್ಲಿರ್ಲಿ. ಅಮೆರಿಕ ಅಥವಾ ಶೆಂಗೆನ್ ವೀಸಾ ಆರು ತಿಂಗಳು ಬಾಕಿ ಇದ್ರೆ ಪೆರು ವೀಸಾ ಬೇಕಿಲ್ಲ. ಯೆಲ್ಲೋ ಫೀವರ್ ಇಂಜೆಕ್ಷನ್ ಹೊರಡೋಕೆ ಹತ್ತು ದಿನ ಮುಂಚೆ ಹಾಕಿಸ್ಕೊಂಡು ಕಾರ್ಡ್ ಇಟ್ಕೊಳಿ, ಪೆರು ಕೇಳಲ್ಲ, ವಾಪಸ್ ಬಂದಾಗ ನಮ್ಮ ಏರ್‌ಪೋರ್ಟ್‌ನೋರು ಕೇಳ್ತಾರೆ.