ಐದು ಮಂದಿಯ ಸರಪಳಿ

ಓಹಾಯೋದ ಒಂದು ಸಣ್ಣ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ನಾನು ಲೈನ್ ಕೋಚ್ ಆಗಿ, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ಆಟ ನಡೆಸುವವನನ್ನು) ಕಾಯುವ ಐವರ ಸಾಲಿಗೆ ಕೋಚ್ ಆಗಿ ಸೇರಿದ ವರ್ಷ, ನಮ್ಮ ಕ್ವಾರ್ಟರ್‌ಬ್ಯಾಕ್ ಹತ್ತು ಪಂದ್ಯಗಳಲ್ಲಿ ಸುಮಾರು 40 ಬಾರಿ ಸ್ಯಾಕ್ ಆಗಿದ್ದ, ಅಂದರೆ ಚೆಂಡು ಎಸೆಯುವ ಮುನ್ನವೇ ಎದುರಾಳಿಗಳು ಅವನನ್ನು ಕೆಡವಿದ್ದರು. ಕಳೆದ ಋತುವಿನಲ್ಲಿ ಆ ಸಂಖ್ಯೆ 11ಕ್ಕೋ 12ಕ್ಕೋ ಇಳಿಯಿತು. ನಡುವೆ ಕಳೆದದ್ದು ಮೂರು ವರ್ಷ, ಮೊದಲನೆಯದು ಪೂರ್ತಿ ನನ್ನ ತಪ್ಪಿಗೇ ಹೋಯಿತು.

ಲೈನ್‌ನ ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು ನಿಲ್ಲುತ್ತಾರೆ. ಇವರಿಗೆಂದು ನನ್ನ ಕೈಗೆ ಬರುತ್ತಿದ್ದುದು ವರ್ಷಕ್ಕೆ ಸುಮಾರು 30,000 ಡಾಲರ್. ಅದರಲ್ಲಿ ಅರ್ಧವನ್ನು 330 ಪೌಂಡ್ ತೂಗುವ ಒಬ್ಬ ಲೆಫ್ಟ್ ಟ್ಯಾಕಲ್‌ಗೆ ಸುರಿದೆ. ಅವನ ಆಟದಲ್ಲಿ ಕೊರತೆಯಿರಲಿಲ್ಲ. ಆದರೆ ಎದುರಾಳಿಗಳು ಅವನ ತಂಟೆಗೇ ಹೋಗದೆ ಸೆಂಟರ್ ಮತ್ತು ರೈಟ್ ಗಾರ್ಡ್ ನಡುವೆ ಟ್ವಿಸ್ಟ್ ಮೇಲೆ ಟ್ವಿಸ್ಟ್ ನಡೆಸಿದರು, ಅಂದರೆ ಇಬ್ಬರು ಅಡ್ಡಹಾದು ಜಾಗ ಬದಲಿಸಿಕೊಂಡು ನುಗ್ಗಿದರು. ನಾಲ್ಕನೆಯ ಪಂದ್ಯದಲ್ಲಿ ಅವನ ತೊಡೆಯ ಸ್ನಾಯು ಹರಿದಾಗ ಬದಲಿ ಆಟಗಾರನಿಗೆ ಕೊಡಲು ಹಣವೂ ಉಳಿದಿರಲಿಲ್ಲ.

ಮುಂದಿನ ವರ್ಷದ ಲೈನ್‌ನ ಹಣವನ್ನು ರಿಸೀವರ್‌ಗಳಿಗೆ (ಎಸೆದ ಚೆಂಡು ಹಿಡಿಯುವವರಿಗೆ) ಹಾಕೋಣವೆಂದು ಮಾಲೀಕರು ಹಟ ಹಿಡಿದಾಗ ನಾನು ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಕಾನ್ಸಾಸ್ ಸಿಟಿ ತಂಡದ ಕಥೆಯನ್ನು ಮುಂದಿಟ್ಟೆ. 2021ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಇಬ್ಬರು ಟ್ಯಾಕಲ್‌ಗಳೂ ಗಾಯಗೊಂಡು ಹೊರಗಿದ್ದುದರಿಂದ ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನಂಥವನೇ ಇಡೀ ಆಟ ಓಡುತ್ತಲೇ ಕಳೆದು 31–9ರಲ್ಲಿ ಸೋತ. ಆ ಬಳಿಕ ಅವರು ಲೈನನ್ನೇ ಹೊಸದಾಗಿ ಕಟ್ಟಿದರು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಎರಡನೆಯ ಸುತ್ತಿನಲ್ಲಿ ಸೆಂಟರ್ ಕ್ರೀಡ್ ಹಂಫ್ರಿ, ಆರನೆಯ ಸುತ್ತಿನಲ್ಲಿ ಗಾರ್ಡ್ ಟ್ರೇ ಸ್ಮಿತ್ ಸಿಕ್ಕರು. ಎರಡು ವರ್ಷದ ನಂತರ, ಆ ಋತುವಿನಲ್ಲಿ 70 ಸ್ಯಾಕ್ ಮಾಡಿದ್ದ ಫಿಲಡೆಲ್ಫಿಯಾದ ಎದುರು ಸೂಪರ್ ಬೌಲ್ ಆಡಿದಾಗ ಮಹೋಮ್ಸ್ ಒಮ್ಮೆಯೂ ಸ್ಯಾಕ್ ಆಗಲಿಲ್ಲ. ಮಾಲೀಕರು ಅರೆಮನಸ್ಸಿನಿಂದ ಇನ್ನೊಂದು ವರ್ಷ ಕೊಟ್ಟರು.

ಈ ಸಲ ಹಣವನ್ನು ಎಂಟು ಮಂದಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿ, ಒಂದೂ ಅಭ್ಯಾಸ ತಪ್ಪಿಸದವರಿಗೆ ಸ್ವಲ್ಪ ಹೆಚ್ಚು ಕೊಟ್ಟೆ. ಚೆಂಡು ಹಿಡಿದು ಓಡುವ ಆಟಗಳನ್ನು ಮೂರಕ್ಕೆ ಇಳಿಸಿದೆ: ಇನ್‌ಸೈಡ್ ಜೋನ್ (ಲೈನ್‌ನ ನಡುವಿನಿಂದ ಓಟ), ಔಟ್‌ಸೈಡ್ ಜೋನ್ (ಅಂಚಿನತ್ತ ಓಟ), ಪವರ್ (ಗಾರ್ಡ್ ಒಬ್ಬ ಸುತ್ತಿ ಬಂದು ದಾರಿ ಮಾಡುವ ಓಟ). ಮೂರರಿಂದ ಋತು ದಾಟಲಾಗದೆಂದು ಸಹ ಕೋಚ್‌ಗಳು ಹೇಳಿದರು, ದಾಟಿತು.

ಟ್ವಿಸ್ಟ್‌ಗೆ ಮದ್ದು ಸಿಕ್ಕಿದ್ದು ಮಂಡ್ಯದಲ್ಲಿ ಆಡಿದ ಕಬಡ್ಡಿಯಿಂದ. ಅಲ್ಲಿ ಚೈನ್ ಹಿಡಿದ ಇಬ್ಬರಲ್ಲಿ ಒಬ್ಬ ಜರುಗಿದರೆ ಇನ್ನೊಬ್ಬನಿಗೆ ಅದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಗಾರ್ಡ್ ಮತ್ತು ಟ್ಯಾಕಲ್‌ರ ಪಕ್ಕಪಕ್ಕದ ಕೈಗಳಿಗೆ ಎರಡಡಿಯ ಟವೆಲ್ ಒಂದನ್ನು ಕೊಟ್ಟು, ಅದು ಬಿಗಿಯಾಗದಂತೆ, ಕೈಜಾರದಂತೆ ಹಿಂದೆ ಸರಿಯುತ್ತಾ ಟ್ವಿಸ್ಟ್ ಎದುರಿಸಲು ಹೇಳಿದೆ. ಎರಡು ವಾರ ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿಯಿತು. ಮೂರನೆಯ ವಾರ, ದಾಟಿ ಹೋಗುವವನ ಬೆನ್ನು ಹತ್ತುವುದನ್ನು ಬಿಟ್ಟು ಎದುರಿಗೆ ಬರುವವನಿಗಾಗಿ ಕಾದು ನಿಲ್ಲಲು ಕಲಿತರು. ಇದೇ ಟವೆಲನ್ನು ಔಟ್‌ಸೈಡ್ ಜೋನ್‌ಗೂ ಬಳಸಿ ನೋಡಿದೆ, ಕಾಲುಗಳ ವೇಗವೇ ಕುಗ್ಗಿದ್ದರಿಂದ ಕೈಬಿಟ್ಟೆ. ನಡುವೆ ಇಬ್ಬರು ಕುಸ್ತಿಪಟುಗಳನ್ನೂ ಕರೆತಂದೆ. ಒಬ್ಬ ಉತ್ತಮ ಗಾರ್ಡ್ ಆದ, ಇನ್ನೊಬ್ಬನಿಗೆ ಹಿಂದಕ್ಕೆ ಸರಿಯುತ್ತಾ ಹೋರಾಡುವುದು ಒಗ್ಗಲೇ ಇಲ್ಲ. ರಗ್ಬಿಯಿಂದ ಬಂದ ಜೋರ್ಡಾನ್ ಮೈಲಾಟಾನನ್ನು ಫಿಲಡೆಲ್ಫಿಯಾದ ಆಗಿನ ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಲೆಫ್ಟ್ ಟ್ಯಾಕಲ್ ಆಗಿ ತಿದ್ದಿದರೂ, ಮೊದಲ ಎರಡು ಋತು ಅವನು ಒಂದೂ ಪಂದ್ಯ ಆಡಿರಲಿಲ್ಲ. ಅಷ್ಟು ಕಾಲ ಸಂಬಳ ಕೊಟ್ಟು ಕಾಯುವ ಶಕ್ತಿ ನಮಗಿಲ್ಲ.

ಸೆಂಟರ್ ಕೂಗುವ ಪದಗಳನ್ನೂ ಬಲಗಡೆಯ ಇಬ್ಬರ ಹೆಜ್ಜೆಯ ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವೇ ಎದುರಾಳಿಗಳು ಈ ವರ್ಷವೂ ಇದ್ದಾರೆ. ರೈಟ್ ಟ್ಯಾಕಲ್ ಬೇರೆ ಊರಿಗೆ ಹೋಗಿದ್ದಾನೆ. ಅವನ ಜಾಗಕ್ಕೆ ಬಂದ ಹುಡುಗ ಕಳೆದ ವಾರದಿಂದ ಟವೆಲ್ ಹಿಡಿದಿದ್ದಾನೆ, ಹೆಲ್ಮೆಟ್‌ಗಳು ಇನ್ನೂ ಬಡಿಯುತ್ತಿವೆ.