ಉದ್ದ ಕಾಲಿನವರಿಗೆ ತಗ್ಗಿಸಿದ ಫುಟ್‌ರೆಸ್ಟ್: ಹಿಮಾಲಯನ್ 411ಕ್ಕೆ ಕೂರಿಸುವ ಬಗೆ

ಆರಡಿ ಆಸುಪಾಸಿನವರು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಮೇಲೆ ಎರಡು ಗಂಟೆ ಕೂತರೆ ಮೊದಲು ನೋಯುವುದು ಮಂಡಿ. ಸೀಟಿನ ಎತ್ತರ 800 ಮಿ.ಮೀ. ನಡು ಎತ್ತರದವರಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಉದ್ದ ಕಾಲಿನವರಿಗೆ ಮಾತ್ರ ಸೀಟಿಗೂ ಫುಟ್‌ರೆಸ್ಟಿಗೂ ನಡುವೆ ಜಾಗ ಸಾಲದೆ ಮಂಡಿ ತೀರಾ ಮಡಚಿಕೊಳ್ಳುತ್ತದೆ. ಸೀಟಿಗೆ ಫೋಮ್ ಏರಿಸಿದರೆ ಕೂತಾಗ ಆರಾಮ ಸಿಗುತ್ತದೆ, ಆದರೆ ನಿಂತು ಓಡಿಸುವಾಗ ಹ್ಯಾಂಡಲ್‌ಗೆ ಬಗ್ಗುವುದು ತಪ್ಪುವುದಿಲ್ಲ. ಫುಟ್‌ರೆಸ್ಟ್ ತಗ್ಗಿಸಿದರೆ ಎರಡಕ್ಕೂ ಪರಿಹಾರ. ಬದಲಾಯಿಸುವ ಕೆಲಸ ಅರ್ಧ ಗಂಟೆಯದು. ಅದಾದ ಮೇಲೆ ಬ್ರೇಕ್ ಪೆಡಲ್ ಮತ್ತು ಗೇರ್ ಲಿವರ್ ಹೊಂದಿಸುವುದೇ ನಿಜವಾದ ಕೆಲಸ, ಹೆಚ್ಚಿನವರು ಕೈಬಿಡುವುದೂ ಅದನ್ನೇ.

ಕೊಳ್ಳುವ ಮುಂಚೆ ಎಷ್ಟು ತಗ್ಗಬೇಕೆಂದು ಅಳೆಯಿರಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ರೈಡಿಂಗ್ ಶೂ ಹಾಕಿಕೊಂಡು ಕೂರಿ. ಪಾದವನ್ನು ಫುಟ್‌ರೆಸ್ಟಿನ ಹೊರಬದಿಗೆ ಇಳಿಬಿಡಿ. ಜೊತೆಗಿರುವವರು ಮಂಡಿಗೆ ಹಿತವೆನಿಸುವ ಎತ್ತರಕ್ಕೆ ನಿಮ್ಮ ಅಂಗಾಲಿನ ಕೆಳಗೆ ಹಲಗೆ ತುಂಡುಗಳನ್ನು ಪೇರಿಸಲಿ. ಹಲಗೆಯ ಮೇಲ್ಮೈಗೂ ಫುಟ್‌ರೆಸ್ಟಿನ ಮೇಲ್ಮೈಗೂ ಇರುವ ವ್ಯತ್ಯಾಸವೇ ನಿಮ್ಮ ಅಳತೆ. ಅದು ಒಂದು ಸೆಂಟಿಮೀಟರಿನೊಳಗೆ ಬಂದರೆ ಹಣ ಖರ್ಚು ಮಾಡಬೇಡಿ. ಈಗಿರುವ ಫುಟ್‌ರೆಸ್ಟಿನ ರಬ್ಬರ್ ಬಿಚ್ಚಿ ಓಡಿಸಿ ನೋಡಿ. ವೈಬ್ರೇಶನ್ ಸ್ವಲ್ಪ ಹೆಚ್ಚು ತಾಕುತ್ತದೆ, ಅಷ್ಟೇ.

20ರಿಂದ 25 ಮಿ.ಮೀ. ತಗ್ಗಿಸಿದರೆ ಹೆಚ್ಚಿನವರಿಗೆ ಸಾಕು. ಅದಕ್ಕಿಂತ ಕೆಳಗೆ ಹೋದಷ್ಟೂ ತಿರುವಿನಲ್ಲಿ ನೆಲಕ್ಕೆ ಉಜ್ಜುವ ಸಾಧ್ಯತೆ ಹೆಚ್ಚು. ಒಂದು ಲೆಕ್ಕ ನೋಡಿ: ಫುಟ್‌ರೆಸ್ಟಿನ ತುದಿ ನೆಲದಿಂದ 300 ಮಿ.ಮೀ. ಮೇಲೆ, ಗಾಡಿಯ ನಡುಗೆರೆಯಿಂದ 400 ಮಿ.ಮೀ. ಹೊರಗೆ ಇದೆ ಎಂದುಕೊಂಡರೆ, ಸುಮಾರು 37 ಡಿಗ್ರಿ ವಾಲಿದಾಗ ನೆಲ ಮುಟ್ಟುತ್ತದೆ. 25 ಮಿ.ಮೀ. ಇಳಿಸಿದರೆ ಅದು 34.5ಕ್ಕೆ ಬರುತ್ತದೆ. ಸೀಟಿನ ಮೇಲೆ ಭಾರ ಬಿದ್ದು ಸಸ್ಪೆನ್ಷನ್ ಕುಗ್ಗಿದಾಗ ಇನ್ನೂ ಕಡಿಮೆ. ಆಗುಂಬೆಯಂಥ ಘಾಟಿಯಲ್ಲಿ ಲಗೇಜು ಹೇರಿಕೊಂಡು ಇಳಿಯುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಚಕ್ರದ ಜಾಡು ಆಳವಾಗಿರುವ ಮಣ್ಣುದಾರಿಯಲ್ಲಿ ಶೂ ತುದಿ ದಂಡೆಗೆ ಬಡಿಯುವುದೂ ಉಂಟು.

ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ ಫುಟ್‌ರೆಸ್ಟಿನ ಆಕಾರವೇ ತಗ್ಗು. ಅದು ಕಂಪನಿಯ ಬ್ರಾಕೆಟ್‌ಗೇ ನೇರ ಕೂರುತ್ತದೆ. ಇನ್ನೊಂದರಲ್ಲಿ ಹಳೆಯ ಫುಟ್‌ರೆಸ್ಟಿಗೂ ಬ್ರಾಕೆಟ್‌ಗೂ ನಡುವೆ ಒಂದು ತುಂಡು ಸೇರಿಸುತ್ತಾರೆ. ನಮ್ಮ ಮತ ಮೊದಲನೆಯದಕ್ಕೆ. ನಡುವೆ ಕೀಲು, ಬೋಲ್ಟು ಸೇರಿದಷ್ಟೂ ಸಡಿಲ ಹೆಚ್ಚುತ್ತದೆ, ನಿಂತಾಗ ಬೋಲ್ಟಿನ ಮೇಲೆ ತಿರುಚುವ ಬಲವೂ ಹೆಚ್ಚುತ್ತದೆ. ಉಕ್ಕಿನದೇ ಕೊಳ್ಳಿ. ಪೆಟ್ಟು ಬಿದ್ದರೆ ಉಕ್ಕು ಬಗ್ಗುತ್ತದೆ. ಅಗ್ಗದ ಎರಕದ ಅಲ್ಯೂಮಿನಿಯಂ ಸುಳಿವೇ ಕೊಡದೆ ಮುರಿಯುತ್ತದೆ. ಫುಟ್‌ರೆಸ್ಟನ್ನು ಬ್ರಾಕೆಟ್ಟಿಗೆ ಹಿಡಿದಿಡುವ ಹಳೆಯ ಪಿನ್ನಿನ ದಪ್ಪವನ್ನೂ ಬ್ರಾಕೆಟ್ಟಿನ ಬಾಯಿಯ ಅಗಲವನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಹೊಸದಕ್ಕೆ ಹೋಲಿಸಿ. ಪಿನ್ ಸಣ್ಣದಾದರೆ ಫುಟ್‌ರೆಸ್ಟ್ ಮೊದಲ ದಿನದಿಂದಲೇ ಜೋತು ಬೀಳುತ್ತದೆ.

ಇಕ್ಕಳ, ಸಣ್ಣ ಸುತ್ತಿಗೆ, 10, 12, 13ರ ಸ್ಪ್ಯಾನರ್, ತಂತಿ ಬ್ರಶ್, ಗ್ರೀಸ್, ಹೊಸ ಸ್ಪ್ಲಿಟ್ ಪಿನ್ (ದೊಡ್ಡ ಪಿನ್ ಜಾರದಂತೆ ತೂರಿಸಿ ಕಾಲು ಬಗ್ಗಿಸುವ ತಂತಿ ಪಿನ್) ನಾಲ್ಕು (ಎರಡು ಬೇಕು, ಎರಡು ಹೆಚ್ಚಿಗೆ) ಸಿದ್ಧವಿರಲಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಗೊಂದಲವಾದರೆ ನೋಡಿಕೊಳ್ಳಲು ಬಿಚ್ಚದ ಬದಿ ಇರುತ್ತದೆ. ಮಡಚಿದ ಫುಟ್‌ರೆಸ್ಟನ್ನು ಜಾಗಕ್ಕೆ ಮರಳಿಸುವ ಸ್ಪ್ರಿಂಗಿನ ಎರಡು ಕಾಲು ಎಲ್ಲಿ ಕೂತಿವೆ ಎಂದು ಫೋಟೊ ತೆಗೆದಿಡಿ. ಸ್ಪ್ಲಿಟ್ ಪಿನ್ನಿನ ಕಾಲು ನೇರ ಮಾಡಿ ಎಳೆದು, ವಾಷರ್ ತೆಗೆದು, ಫುಟ್‌ರೆಸ್ಟಿನ ಮೇಲೆ ಹಳೆ ಬಟ್ಟೆ ಸುತ್ತಿ ದೊಡ್ಡ ಪಿನ್ ತಟ್ಟಿ ಹೊರತೆಗೆಯಿರಿ. ಬಟ್ಟೆ ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಎಲ್ಲೋ ಬೀಳುತ್ತದೆ. ತುಕ್ಕು ಉಜ್ಜಿ, ಪಿನ್ನಿಗೆ ತೆಳುವಾಗಿ ಗ್ರೀಸ್ ಸವರಿ.

ಸ್ಪ್ರಿಂಗ್ ಹಿಡಿದುಕೊಂಡು ತೂತುಗಳನ್ನು ನೇರ ಮಾಡುವುದು ಎಲ್ಲರಿಗೂ ಪೇಚಾಟ. ಸ್ಪ್ರಿಂಗಿನ ಎರಡು ಕಾಲುಗಳನ್ನು ಒತ್ತಿ ಹಿಡಿದು ಕೇಬಲ್ ಟೈ ಬಿಗಿಯಿರಿ, ಜಾಗಕ್ಕೆ ಕೂರಿಸಿ ಪಿನ್ ತೂರಿಸಿ, ಆಮೇಲೆ ಟೈ ಕತ್ತರಿಸಿ. ಪಿನ್ನಿನ ತಲೆ ಮೇಲಕ್ಕೇ ಇರಲಿ; ಸ್ಪ್ಲಿಟ್ ಪಿನ್ ಎಂದಾದರೂ ಉದುರಿದರೂ ದೊಡ್ಡ ಪಿನ್ ತನ್ನ ಭಾರಕ್ಕೆ ಅಲ್ಲೇ ನಿಲ್ಲುತ್ತದೆ. ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ, ಒಮ್ಮೆ ಬಗ್ಗಿಸಿ ನೇರ ಮಾಡಿದ ತಂತಿ ಮುರಿಯುವುದೇ. ಈಗ ಫುಟ್‌ರೆಸ್ಟನ್ನು ಕೈಯಿಂದ ಮೇಲಕ್ಕೆ ಮಡಚಿ ಬಿಡಿ: ಟಕ್ಕನೆ ತನ್ನ ಜಾಗಕ್ಕೆ ಮರಳಬೇಕು. ಮಡಚದೆ ಸೆಟೆದು ನಿಂತರೆ ಹಾಗೇ ಓಡಿಸಬೇಡಿ. ತಿರುವಿನಲ್ಲಿ ನೆಲ ಮುಟ್ಟಿದಾಗ ಮಡಚಿಕೊಳ್ಳದ ಫುಟ್‌ರೆಸ್ಟ್ ಹಿಂದಿನ ಚಕ್ರವನ್ನೇ ಎತ್ತಿಬಿಡಬಲ್ಲದು.

ಇನ್ನು ಬ್ರೇಕ್. ಪಾದ 25 ಮಿ.ಮೀ. ಇಳಿದರೆ ಪೆಡಲ್ ಅಷ್ಟೇ ಮೇಲೆ ಬಂದಂತಾಯಿತು. ಆಗ ತುರ್ತಿನಲ್ಲಿ ಕಾಲೆತ್ತಿ ತುಳಿಯಬೇಕಾಗುತ್ತದೆ, ಇಲ್ಲವೇ ಶೂ ಸದಾ ಪೆಡಲ್ ಮೇಲೆ ಭಾರ ಹಾಕಿರುತ್ತದೆ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ (ಒಳಗಿನ ಪಿಸ್ಟನ್ನಿನಿಂದ ಬ್ರೇಕ್ ಎಣ್ಣೆಯನ್ನು ಒತ್ತುವ ಭಾಗ) ಹೋಗುವ ಪುಶ್‌ರಾಡಿನ ಲಾಕ್ ನಟ್ ಸಡಿಲಿಸಿ, ರಾಡನ್ನು ಅರ್ಧ ಅರ್ಧ ಸುತ್ತು ತಿರುಗಿಸುತ್ತಾ, ಪಾದ ಸಹಜವಾಗಿ ಇಟ್ಟಾಗ ಪೆಡಲ್ ಶೂ ತಳಕ್ಕೆ ತಾಕಿಯೂ ತಾಕದಂತೆ ಇಳಿಸಿ. ರಾಡಿಗೆ ಕೂದಲೆಳೆಯಷ್ಟಾದರೂ ಸಡಿಲ ಉಳಿಯಲೇಬೇಕು. ಅದು ಪಿಸ್ಟನ್ನನ್ನು ಒತ್ತಿಕೊಂಡೇ ಇದ್ದರೆ ಬ್ರೇಕ್ ಎಣ್ಣೆ ತನ್ನ ಪುಟ್ಟ ಟ್ಯಾಂಕಿಗೆ ಹಿಂದಿರುಗುವ ಸಣ್ಣ ಕಂಡಿ ಮುಚ್ಚಿರುತ್ತದೆ. ಓಡುತ್ತಾ ಬಿಸಿಯಾದ ಎಣ್ಣೆ ಹಿಗ್ಗಿ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಅದರಿಂದ ಇನ್ನಷ್ಟು ಬಿಸಿ, ಕೊನೆಗೆ ಚಕ್ರ ಕಚ್ಚಿಕೊಳ್ಳುತ್ತದೆ. ಸೆಂಟರ್ ಸ್ಟ್ಯಾಂಡ್ ಮೇಲೆ ಪೆಡಲ್ ನಾಲ್ಕೈದು ಸಲ ತುಳಿದು ಬಿಟ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಲಾಕ್ ನಟ್ ಬಿಗಿಯಿರಿ. ಬ್ರೇಕ್ ಲೈಟ್ ತುಳಿದಾಗ ಹತ್ತಿ, ಬಿಟ್ಟಾಗ ಆರಬೇಕು. ಹತ್ತಿಯೇ ಇದ್ದರೆ ಸ್ವಿಚ್ ಹೊಂದಿಸಿ. ಪೆಡಲ್ ಪೂರ್ತಿ ಒತ್ತಿದಾಗಲೂ ಕೆಳಗೆ ಯಾವುದಕ್ಕೂ ತಾಗಬಾರದು.

ಗೇರ್ ಲಿವರಿಗೂ ಇದೇ ಕಥೆ. ಮೊದಲು ಲಿವರಿನ ಸೀಳು ಶಾಫ್ಟಿನ ಯಾವ ಹಲ್ಲಿನ ನೇರಕ್ಕಿದೆ ಎಂದು ಪೇಂಟ್ ಗುರುತು ಹಾಕಿ. ಹಿಡಿತದ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಅದು ಶಾಫ್ಟಿನಲ್ಲಿ ಕೊರೆದ ತೋಡಿನಲ್ಲಿ ಕೂತಿರುವುದರಿಂದ ಲಿವರ್ ಜಾರುವುದಿಲ್ಲ. ಇದು ಗೊತ್ತಿಲ್ಲದೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹಲ್ಲು ಹಾಳು. ಒಂದೇ ಹಲ್ಲು ಕೆಳಕ್ಕೆ ಸರಿಸಿ ನೋಡಿ, ತುದಿಯಲ್ಲಿ ವ್ಯತ್ಯಾಸ ದೊಡ್ಡದೇ ಇರುತ್ತದೆ. ಲಿವರ್ ಕೆಳಕ್ಕೆ ಒತ್ತಿದಾಗ ಸೈಡ್ ಸ್ಟ್ಯಾಂಡಿಗೆ ತಗಲದಂತೆ ನೋಡಿಕೊಳ್ಳಿ. ಸೈಡ್ ಸ್ಟ್ಯಾಂಡ್ ಏರಿಸಿದಾಗ ಹೊಸ ಫುಟ್‌ರೆಸ್ಟಿಗೆ ತಾಗುತ್ತದೆಯೇ, ಸ್ಟ್ಯಾಂಡಿನ ಕೊಕ್ಕೆ ಕಾಲಿಗೆ ಸಿಗುತ್ತದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿ.

ಮೊದಲ ಐದಾರು ಕಿಲೋಮೀಟರ್ ಖಾಲಿ ರಸ್ತೆಯಲ್ಲಿ ನಿಧಾನ ಓಡಿಸಿ, ಎಲ್ಲ ಗೇರೂ ಬದಲಿಸಿ. ನಿಲ್ಲಿಸಿ ಹಿಂದಿನ ಡಿಸ್ಕಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಬ್ರೇಕ್ ಬಳಸದೆಯೂ ಝಳ ಹೊಡೆದರೆ ಪುಶ್‌ರಾಡಿಗೆ ಸಡಿಲ ಸಾಲದೆಂದೇ ಅರ್ಥ, ಅಲ್ಲೇ ಸರಿಪಡಿಸಿ. ನೂರು ಕಿಲೋಮೀಟರ್ ಆದ ಮೇಲೆ ಲಾಕ್ ನಟ್, ಲಿವರ್ ಬೋಲ್ಟ್, ಎರಡೂ ಸ್ಪ್ಲಿಟ್ ಪಿನ್ ಇನ್ನೊಮ್ಮೆ ನೋಡಿ.