ಮನೆಯಲ್ಲೇ ಎಲೆಕ್ಟ್ರಿಕ್ ಕ್ರೂಸರ್ ಸೈಕಲ್: ಮೋಟಾರಿಗಿಂತ ಮೊದಲು ಫೋರ್ಕ್ ನೋಡಿ

ಬಾಗಿದ ಫ್ರೇಮಿನ, ಅಗಲ ಟೈರಿನ ಆರಾಮದ ಸೈಕಲ್ಲಾದ ಕ್ರೂಸರಿಗೆ ಮೋಟಾರ್ ಕೂರಿಸಲು ಹೊರಟವರು ಮೊದಲು ವ್ಯಾಟ್ ಲೆಕ್ಕ ಹಾಕುತ್ತಾರೆ. ಅದಕ್ಕಿಂತ ಮುಂಚೆ ಸ್ಕೇಲ್ ಹಿಡಿದು ಹಿಂದಿನ ಆಕ್ಸಲ್ ಕೂರುವ ಡ್ರಾಪ್‌ಔಟ್‌ಗಳ ಒಳ ಅಂತರ ಅಳೆಯಿರಿ. ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸುವ ಕೋಸ್ಟರ್ ಬ್ರೇಕ್ ಇದ್ದರೆ ಅದು ಸಾಮಾನ್ಯವಾಗಿ 110 ಮಿ.ಮೀ.; ಹಿಂದಿನ ಚಕ್ರದ ನಡುವೆಯೇ ಕೂರುವ ಹಬ್ ಮೋಟಾರಿಗೆ ಬೇಕಾದದ್ದು 135. ಉಕ್ಕಿನ ಫ್ರೇಮನ್ನು ಹಿಗ್ಗಿಸಬಹುದು, ಆದರೆ 25 ಮಿ.ಮೀ. ಸಣ್ಣದೇನಲ್ಲ. ಅಲ್ಯೂಮಿನಿಯಂ ಆದರೆ ಕೈಹಾಕಲೇ ಬೇಡಿ, ಬಿರುಕು ಬಿಡುತ್ತದೆ. ಮೇಲಾಗಿ ಹಿಂದೆ ಮೋಟಾರ್ ಬಂದರೆ ಕೋಸ್ಟರ್ ಬ್ರೇಕ್ ಹೋಯಿತು. ಹಾಗಾಗಿ ಕ್ರೂಸರಿಗೆ ಮುಂದಿನ ಹಬ್ ಮೋಟಾರೇ ಸರಿ, ಅದರಲ್ಲೂ ಒಳಗೆ ಗೇರ್ ಇರುವಂಥದ್ದು.

ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ (ಕವಲಿನ) ಡ್ರಾಪ್‌ಔಟ್‌ಗಳ ಅಂತರ 100 ಮಿ.ಮೀ. ಇರಬೇಕು, ಫೋರ್ಕ್ ಉಕ್ಕಿನದಾಗಿರಬೇಕು. ಅಯಸ್ಕಾಂತ ಅಂಟದಿದ್ದರೆ ಆ ಫೋರ್ಕ್ ಬೇಡ.

48 ವೋಲ್ಟ್, 250ರಿಂದ 500 ವ್ಯಾಟ್ ಸಾಕು. ಕಡ್ಡಿ ಹೆಣೆದೇ ಬರುವ 26 ಇಂಚಿನ ಚಕ್ರ ಕೊಳ್ಳಿ. ಈ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಸಾಗುತ್ತದೆ, ಅಂದರೆ ನಿಮಿಷಕ್ಕೆ 200 ಸುತ್ತಿಗೆ ಗಂಟೆಗೆ 25 ಕಿ.ಮೀ. ಹಲವು ದೇಶಗಳಲ್ಲಿ 250 ವ್ಯಾಟ್ ಮತ್ತು ಈ ವೇಗವೇ ಮಿತಿ; ನಿಮ್ಮಲ್ಲಿ ಎಷ್ಟೆಂದು ಮೊದಲೇ ನೋಡಿಕೊಳ್ಳಿ.

ಅತಿ ಹೆಚ್ಚು ಕೆಡುವುದು ಆಕ್ಸಲ್ ಬಳಿ. ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಒದ್ದಾಡುತ್ತದೆ. ಅದನ್ನು ಹಿಡಿದಿಡುವುದು ಆಕ್ಸಲಿನ ಮೇಲೆ 10 ಮಿ.ಮೀ. ಅಂತರದಲ್ಲಿರುವ ಎರಡು ಚಪ್ಪಟೆ ಮುಖಗಳು ಮಾತ್ರ. ಹಿಡಿತ ತಪ್ಪಿದರೆ ಆಕ್ಸಲಿನಿಂದ ಹೊರಬರುವ ಕೇಬಲ್ ಹಿಂಡಿಹೋಗಿ, ತಂತಿಗಳು ಶಾರ್ಟ್ ಆಗಿ, ಮೋಟಾರಿಗೆ ವಿದ್ಯುತ್ ಹದಮಾಡಿ ಕೊಡುವ ಕಂಟ್ರೋಲರ್ ಸುಡುತ್ತದೆ. ಚಕ್ರ ಕಳಚಿದರೆ ಸವಾರನೂ ನೆಲಕ್ಕೆ. ಡ್ರಾಪ್‌ಔಟ್‌ನ ಪೇಂಟನ್ನು ಅರದಿಂದ ಉಜ್ಜಿ, ಆಕ್ಸಲ್ ತಳ ಮುಟ್ಟುವಂತೆ ಕೂರಿಸಿ. ಎರಡೂ ಬದಿಗೆ ಆಕ್ಸಲ್ ತಿರುಗದಂತೆ ಹಿಡಿಯುವ ಲೋಹದ ಪಟ್ಟಿ, ಅಂದರೆ ಟಾರ್ಕ್ ಆರ್ಮ್ ಹಾಕಿ, ಅದರ ಇನ್ನೊಂದು ತುದಿಯನ್ನು ಫೋರ್ಕಿನ ಕಾಲಿಗೆ ಸ್ಟೀಲ್ ಕ್ಲಾಂಪಿನಿಂದ ಬಿಗಿಯಿರಿ. ನಟ್‌ಗೆ ಸುಮಾರು 40 ನ್ಯೂಟನ್ ಮೀಟರ್ ಬಿಗಿ ಕೊಟ್ಟು, ಮೊದಲ 20 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಕೇಬಲ್ ಕೆಳಮುಖವಾಗಿ ಹೊರಟು ಒಂದು ಬಳುಕು ತೆಗೆದುಕೊಂಡು ಮೇಲೇರಲಿ, ಇಲ್ಲದಿದ್ದರೆ ಮಳೆನೀರು ಅದರಗುಂಟ ಮೋಟಾರಿನೊಳಗೆ ಇಳಿಯುತ್ತದೆ.

ಬ್ಯಾಟರಿಗೆ 13 ಸೆಲ್‌ಗಳ ಸರಣಿ, ಪೂರ್ತಿ ತುಂಬಿದಾಗ 54.6 ವೋಲ್ಟ್. 13 ಆಂಪಿಯರ್-ಗಂಟೆಯದಾದರೆ ಸುಮಾರು 624 ವ್ಯಾಟ್-ಗಂಟೆ; ಕಿಲೋಮೀಟರಿಗೆ 12ರಿಂದ 15 ಖರ್ಚಾದರೆ 40ರಿಂದ 50 ಕಿ.ಮೀ. ಸೆಲ್ ಬೆಸೆಯುವ ಸಾಹಸ ಮೊದಲ ಸೈಕಲ್ಲಿಗೆ ಬೇಡ, ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಇರುವ ಸಿದ್ಧ ಪ್ಯಾಕ್ ತನ್ನಿ. ಕಂಟ್ರೋಲರ್ 20 ಆಂಪಿಯರ್ ಎಳೆಯುವುದಾದರೆ ಬಿಎಂಎಸ್ 30 ಆಂಪಿಯರಿನದಿರಲಿ. ಕಡಿಮೆಯಿದ್ದರೆ ಏರಿನಲ್ಲಿ ಎಲ್ಲವೂ ಒಮ್ಮೆಲೇ ಆರಿಹೋಗುತ್ತದೆ, ಬೈಗುಳ ಮಾತ್ರ ಮೋಟಾರಿಗೆ. ಕ್ರೂಸರಿನ ಬಾಗಿದ ಕೊಳವೆಗೆ ನೇರ ಡಬ್ಬಿ ಕೂರುವುದಿಲ್ಲ. ಫ್ರೇಮಿನ ನಡುವೆ ಕಟ್ಟುವ ಚೀಲ ವಾಸಿ, ಕ್ಯಾರಿಯರ್ ಎರಡನೇ ಆಯ್ಕೆ. ಪ್ಲಸ್ ತಂತಿಗೆ ಬ್ಯಾಟರಿಯ ಹತ್ತಿರವೇ 30 ಆಂಪಿಯರ್ ಫ್ಯೂಸ್ ಹಾಕಿ. ಜೋಡಿಸುವಾಗ ಚಟ್ಟೆಂದು ಕಿಡಿ ಹಾರುವುದು ಕಂಟ್ರೋಲರಿನ ಕೆಪಾಸಿಟರ್ ತುಂಬುವುದರಿಂದ. ಎಕ್ಸ್‌ಟಿ90-ಎಸ್ ಕನೆಕ್ಟರ್ ಅದನ್ನು ತಡೆಯುತ್ತದೆ.

ಮೋಟಾರಿನಿಂದ ವಿದ್ಯುತ್ ಒಯ್ಯುವ ಮೂರು ದಪ್ಪ ಫೇಸ್ ತಂತಿ, ಮೋಟಾರ್ ಎಲ್ಲಿ ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರಿನ ಐದು ಸಣ್ಣ ತಂತಿ ಬರುತ್ತವೆ. ಬಣ್ಣಕ್ಕೆ ಬಣ್ಣ ಸೇರಿಸಿದರೂ ಕೆಲವೊಮ್ಮೆ ಹೊಂದುವುದಿಲ್ಲ. ಮುಂದಿನ ಚಕ್ರ ಎತ್ತಿ, ಹ್ಯಾಂಡಲಿನ ಮೇಲೆ ವೇಗ ಕೊಡುವ ಥ್ರಾಟಲ್ ಮೆಲ್ಲಗೆ ತಿರುಗಿಸಿ. ಗುರ್ರೆಂದು ನಡುಗಿದರೆ ಜೋಡಣೆ ತಪ್ಪಿದೆ, ಕೂಡಲೇ ಬಿಡಿ. ಮೋಟಾರ್ ಸದ್ದು ಮಾಡಿಯೂ ಚಕ್ರ ತಿರುಗದಿದ್ದರೆ ಬಹುಶಃ ಅದು ಉಲ್ಟಾ ಓಡುತ್ತಿದೆ. ಒಂದೇ ದಿಕ್ಕಿಗೆ ಹಿಡಿಯುವ ಒಳಗಿನ ಫ್ರೀವ್ಹೀಲ್ ಜಾರುತ್ತಿದೆ ಅಷ್ಟೇ. ಕಂಟ್ರೋಲರಿನಲ್ಲಿ ಸರಿಯಾದ ಜೋಡಣೆಯನ್ನು ತಾನೇ ಕಲಿಯುವ ಸೆಲ್ಫ್ ಲರ್ನಿಂಗ್ ತಂತಿ ಜೋಡಿಯಿದ್ದರೆ, ಅದನ್ನು ಸೇರಿಸಿ ಚಕ್ರ ಸರಿಯಾಗಿ ತಿರುಗುವ ತನಕ ಕಾದು ಬಿಚ್ಚಿಬಿಡಿ.

ಬ್ರೇಕಿನಲ್ಲಿ ಜಿಪುಣತನ ಬೇಡ. ಉದ್ದನೆಯ ಇಳಿಜಾರಿನಲ್ಲಿ ಕೋಸ್ಟರ್ ಬ್ರೇಕ್ ಕಾದು ಒಳಗಿನ ಗ್ರೀಸ್ ಸುಡುತ್ತದೆ. ಮುಂದಿನ ಚಕ್ರಕ್ಕೆ ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ವಿ-ಬ್ರೇಕ್ ಕೂರಿಸಿ, ಅದಕ್ಕೆ ಮೋಟಾರ್ ಕಡಿಯುವ ಸ್ವಿಚ್ ಇರುವ ಲಿವರನ್ನೇ ಹಾಕಿ. ಹಿಂದಕ್ಕೆ ತುಳಿದರೆ ಆ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ, ಥ್ರಾಟಲ್ ನೀವೇ ಬಿಡಬೇಕು. ಮರಳು, ಜಲ್ಲಿ, ಒದ್ದೆ ನೆಲದಲ್ಲಿ ಮುಂದಿನ ಚಕ್ರ ಸುಮ್ಮನೆ ಸುತ್ತಿ ಹ್ಯಾಂಡಲ್ ಜಾರುತ್ತದೆ. ಅಲ್ಲಿ ಪೆಡಲ್ ತುಳಿದೇ ದಾಟಿ, ತಿರುವು ಮುಗಿದ ಮೇಲೆ ಥ್ರಾಟಲ್ ಕೊಡಿ.